ಬೀದರ್–ಬಜ್ಪೆ ಅಂತರ ಮೀಮಾಂಸೆ

ಕರ್ನಾಟಕದ ಈಶಾನ್ಯ ತುದಿಯ ಬೀದರ್ ವಿಮಾನ ನಿಲ್ದಾಣಕ್ಕೂ ಪಶ್ಚಿಮ ಕರಾವಳಿಯ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೂ ಎಷ್ಟು ದೂರ ಎಂಬ ಪ್ರಶ್ನೆಯನ್ನು ಪಂಡಿತಲೋಕ ಇದುವರೆಗೆ ಉಪೇಕ್ಷಿಸಿದೆ. ಯಾರೂ ಕೇಳದಿದ್ದರೂ ಆ ಕೊರತೆಯನ್ನು ನೀಗುವುದೇ ಪ್ರಸ್ತುತ ಗ್ರಂಥದ ಉದ್ದೇಶ.

ಪೂರ್ವಪಕ್ಷ ಗಣಿತಜ್ಞರದು. ಭೂಮಿಯ ತ್ರಿಜ್ಯ 6,371 ಕಿ.ಮೀ. ಎಂದು ಹಿಡಿದು, ಎರಡೂ ನಿಲ್ದಾಣಗಳ ಅಕ್ಷಾಂಶ ರೇಖಾಂಶಗಳನ್ನು ಸೂತ್ರಕ್ಕೆ ಒಡ್ಡಿದರೆ ಸುಮಾರು 616 ಕಿ.ಮೀ. ಬರುತ್ತದೆ. ಭೂವ್ಯಾಸ 1,050 ಯೋಜನ ಎಂದ ಆರ್ಯಭಟನ ಅಳತೆಗೋಲಿನಲ್ಲಿ ಇದು 51 ಯೋಜನಕ್ಕೆ ತುಸು ಕಮ್ಮಿ. ಈ ರೇಖೆ ಸುರಪುರ, ಕೊಪ್ಪಳಗಳ ನೆತ್ತಿ ಸವರಿ, ಹೊನ್ನಾಳಿಯ ಪಕ್ಕ ಹಾದು, ಆಗುಂಬೆ ಸೀಮೆಯ ಮೇಲಿಂದ ಬಜ್ಪೆಯ ಗುಡ್ಡಕ್ಕೆ ಇಳಿಯುತ್ತದೆ. ಗಂಟೆಗೆ 800 ಕಿ.ಮೀ. ವೇಗವೆಂದರೆ 46 ನಿಮಿಷ. ಏರುವುದಕ್ಕೂ ಇಳಿಯುವುದಕ್ಕೂ ಸೇರಿ ಅರ್ಧ ಗಂಟೆ ಕೂಡಿಸುವುದು ರೂಢಿ. ಒಟ್ಟು 1 ಗಂಟೆ 16 ನಿಮಿಷ. ಬೀದರ್‌ನಲ್ಲಿ ಸುಸಲಾ ತಿಂದು ಹೊರಟವರು ಮಂಗಳೂರಿನಲ್ಲಿ ಎರಡನೆಯ ತಿಂಡಿಗೆ ಕೂರಬಹುದು.

ಈ ವಾದದಲ್ಲಿ ದೋಷ ಒಂದೇ: ಆ ರೇಖೆಯ ಮೇಲೆ ವಿಮಾನವಿಲ್ಲ.

ಬೀದರ್‌ನ ಆಕಾಶಕ್ಕೆ ವಿಮಾನಗಳ ಬರವೆಂದು ಇದರರ್ಥವಲ್ಲ. ಅದು ವಾಯುಪಡೆಯ ತರಬೇತಿ ನೆಲೆ; ರೆಕ್ಕೆಗೆ ರೆಕ್ಕೆ ತಾಗಿಸುವಂತೆ ಒಂಬತ್ತು ಹಾಕ್ ವಿಮಾನಗಳನ್ನು ಹಾರಿಸುವ ಸೂರ್ಯಕಿರಣ ತಂಡದ ತವರು. ಆದರೆ ಅವರು ಟಿಕೆಟ್ ಮಾರುವುದಿಲ್ಲ. ಸಾಮಾನ್ಯರಿಗಾಗಿ ಟರ್ಮಿನಲ್ ತೆರೆದದ್ದು 2020ರಲ್ಲಿ, ಮತ್ತು ಅಲ್ಲಿಂದ ಮಂಗಳೂರಿನ ದಾರಿ ಬೆಂಗಳೂರಿನ ಮೇಲೆಯೇ.

ಇನ್ನು ಸಿದ್ಧಾಂತ. ಬೀದರ್‌ನಿಂದ ಬೆಂಗಳೂರಿನ ದೇವನಹಳ್ಳಿ ನಿಲ್ದಾಣಕ್ಕೆ 524, ಅಲ್ಲಿಂದ ಬಜ್ಪೆಗೆ 306, ಒಟ್ಟು 830 ಕಿ.ಮೀ. ತ್ರಿಕೋನದ ಎರಡು ಭುಜಗಳು ಸೇರಿದರೆ ಮೂರನೆಯದಕ್ಕಿಂತ ಉದ್ದ ಎಂದು ಯೂಕ್ಲಿಡ್ ತನ್ನ ಮೊದಲ ಪುಸ್ತಕದ 20ನೇ ಪ್ರಮೇಯದಲ್ಲಿ ಸಾಧಿಸಿದ್ದಾನೆ. ಇದು ಕತ್ತೆಗೂ ಗೊತ್ತಿರುವ ಸಂಗತಿ, ಸಾಧಿಸುವುದೇನು ಬಂತು ಎಂದು ಎಪಿಕ್ಯೂರನ ಅನುಯಾಯಿಗಳು ಹಾಸ್ಯ ಮಾಡಿದ್ದನ್ನು ಪ್ರೊಕ್ಲಸ್ ದಾಖಲಿಸಿದ್ದಾನೆ. ಮೇವು ಎದುರಿಗಿದ್ದರೆ ಕತ್ತೆ ನೆಟ್ಟಗೆ ಹೋಗುತ್ತದೆ ನಿಜ. ಆದರೆ ಅದು ಎಪ್ಪತ್ತು ಚಿಲ್ಲರೆ ಸೀಟು ತುಂಬಿಸಬೇಕಾಗಿಲ್ಲ. ಬೀದರ್‌ನಿಂದ ಮಂಗಳೂರಿಗೇ ಹೊರಟ ಅಷ್ಟು ಜನ ದಿನವೂ ಎಲ್ಲಿ ಸಿಗಬೇಕು? ಬೆಂಗಳೂರಿಗಾದರೆ ಸಿಗುತ್ತಾರೆ.

ಎರಡು ಹಾರಾಟಕ್ಕೆ ಎರಡು ಅರ್ಧ ಗಂಟೆ ಕೂಡಿಸಿದರೂ ಸಮಯ ಎರಡು ಗಂಟೆ ಚಿಲ್ಲರೆಯಷ್ಟೇ. ಮೀಮಾಂಸಕರನ್ನು ಕಾಡುವುದು ನಡುವೆ ಕೂತಿರುವ ‘ಕ’, ಅಂದರೆ ಕಾಯುವ ಕಾಲ. ಇದಕ್ಕೆ ಭೂಗೋಳದ ಹಂಗಿಲ್ಲ. ಇದು ವೇಳಾಪಟ್ಟಿಯ ಸಂತಾನ. ‘ಕ’ ಐದು ಗಂಟೆ ಎಂದಿಟ್ಟುಕೊಳ್ಳೋಣ. ಏಳು ಗಂಟೆಯಲ್ಲಿ 616 ಕಿ.ಮೀ. ಸಂದಂತಾಯಿತು, ಸರಾಸರಿ ವೇಗ ಗಂಟೆಗೆ 88 ಕಿ.ಮೀ. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಗರಿಷ್ಠ ಮಿತಿ 100. ಹೀಗಾಗಿ ಈ ಜೆಟ್ ಪ್ರಯಾಣಿಕರಿಗೆ ಅತಿವೇಗದ ದಂಡ ಹಾಕಲು ಯಾವ ಪೊಲೀಸರಿಗೂ ಸಾಧ್ಯವಿಲ್ಲ.

ಶಾಸ್ತ್ರದ ಕೊನೆಗೆ ವಿನಿಯೋಗ ಹೇಳುವುದು ಪದ್ಧತಿ. ಎರಡೂ ಹಾರಾಟಗಳನ್ನು ಆದಷ್ಟು ಒಂದೇ ಪಿಎನ್‌ಆರ್‌ನಲ್ಲಿ ಕೊಳ್ಳಿ. ಬೇರೆ ಬೇರೆ ಟಿಕೆಟ್ ತೆಗೆದು, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಆ ನಷ್ಟ ಸಾಮಾನ್ಯವಾಗಿ ಪ್ರಯಾಣಿಕರ ತಲೆಗೇ ಬರುತ್ತದೆ.