ಹುಣಸೆ ಬೀಜದ ಎಲ್‌ಕೆಜಿ

ಮೂರು ವರ್ಷದ ಮಗುವಿರುವ ಮನೆಗೆ ಹೋದ ಅತಿಥಿಗೆ ಒಂದು ಸಣ್ಣ ಶಿಕ್ಷೆ ಕಾದಿರುತ್ತದೆ. ಹಾವೇರಿಯಾದರೂ ಅಷ್ಟೆ, ರಾಣೆಬೆನ್ನೂರಾದರೂ ಅಷ್ಟೆ. ಚಹಾಕ್ಕಿಂತ ಮೊದಲು ಮಗು ಬರುತ್ತದೆ. ‘ಮಾಮಾಗ ಪೋಯಮ್ ಹೇಳಿ ತೋರಸು’ ಎಂದು ಅಪ್ಪ ಬೆನ್ನಿಗೆ ಕೈಹಚ್ಚಿ ಮುಂದಕ್ಕೆ ದೂಡುತ್ತಾನೆ. ಮಗು ಗೋಡೆಯ ಕ್ಯಾಲೆಂಡರಿಗೆ ಮುಖಮಾಡಿ ಶುರುಮಾಡುತ್ತದೆ, ಬಾಗಿಲ ಮರೆಯಲ್ಲಿ ಅವ್ವ ತುಟಿಯಾಡಿಸಿ ಮರೆತ ಸಾಲು ಒದಗಿಸುತ್ತಾಳೆ, ಇಂಗ್ಲಿಷಿನ ನಕ್ಷತ್ರ ಮಿನುಗಿ ಮುಗಿಯುವಷ್ಟರಲ್ಲಿ ಚಹಾ ಆರಿರುತ್ತದೆ. ಕೊನೆಗೆ ಚಪ್ಪಾಳೆ, ಒಂದು ಬಿಸ್ಕೀಟು. ಇದರಲ್ಲಿ ಮಗುವಿಗೆ ಒಂದೇ ಪಾತ್ರ, ಹೇಳುವುದು. ನಮಗೂ ಒಂದೇ, ಮೆಚ್ಚುವುದು. ನನ್ನ ತಕರಾರು ಇಲ್ಲೇ ಇದೆ. ಎಳೆಯ ಮಕ್ಕಳು ಕಲಿಯುವುದು ಸರದಿಯ ಮೇಲೆ: ನೀನೊಮ್ಮೆ, ನಾನೊಮ್ಮೆ. ಸರದಿ ನಡೆಯಬೇಕಾದರೆ ಎದುರಿಗೆ ಕೂತ ದೊಡ್ಡವರಿಗೂ ಮಜಾ ಬರಬೇಕು. ಬಾರದಿದ್ದರೆ ಅವರು ಎರಡನೇ ನಿಮಿಷಕ್ಕೆ ಮೊಬೈಲ್ ತೆಗೆಯುತ್ತಾರೆ, ಮೂರನೇ ನಿಮಿಷಕ್ಕೆ ಮಗುವೂ ಅದನ್ನೇ ಕೇಳುತ್ತದೆ.

ಇದು ಬರೀ ಹಳಬರ ಹಳಹಳಿಕೆ ಎನ್ನುವವರಿಗಾಗಿ ಜಮೈಕಾದ ಒಂದು ಸಾಕ್ಷಿ. ಅಲ್ಲಿನ ಕಿಂಗ್‌ಸ್ಟನ್ ನಗರದಲ್ಲಿ 1980ರ ದಶಕದಲ್ಲಿ ಬಡತನದಿಂದ ಬೆಳವಣಿಗೆ ಕುಂಠಿತವಾದ ಕೂಸುಗಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ, ಒಂದು ತಾಸಿನ ಮಟ್ಟಿಗೆ, ಎರಡು ವರ್ಷ ಹೋದರು. ಅವರು ತಾಯಂದಿರಿಗೆ ಕಲಿಸಿದ್ದು ಇಷ್ಟೆ: ಮನೆಯಲ್ಲಿ ಬಿಸಾಡುವ ಸಾಮಾನಿನಿಂದ ಆಟಿಕೆ ಮಾಡಿ, ಮಗುವಿನ ಜೊತೆ ಆಡಿ, ಆಡುವಾಗ ಮಾತಾಡಿ. ಸುಮಾರು 20 ವರ್ಷಗಳ ನಂತರ ಲೆಕ್ಕ ಹಾಕಿ ನೋಡಿದಾಗ ಆ ಮಕ್ಕಳ ಗಳಿಕೆ, ಅಂಥದ್ದೇ ಮನೆಗಳ ಉಳಿದ ಮಕ್ಕಳಿಗಿಂತ ಶೇ. 25ರಷ್ಟು ಹೆಚ್ಚಿತ್ತು. ಈ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ನಮ್ಮ ಕೇಂದ್ರ ಸರ್ಕಾರವೂ 2023ರ ಫೆಬ್ರುವರಿಯಲ್ಲಿ ಮೂರರಿಂದ ಎಂಟು ವರ್ಷದವರಿಗೆಂದು ಆಟಿಕೆ, ಬೊಂಬೆ, ಒಗಟಿನ ಚೀಟಿ ತುಂಬಿದ ‘ಜಾದೂಯೀ ಪಿಟಾರಾ’ ಎಂಬ ಪೆಟ್ಟಿಗೆಯನ್ನು ಬಿಡುಗಡೆ ಮಾಡಿತು. ಒಳ್ಳೆಯದೇ. ಆದರೆ ಬ್ಯಾಡಗಿಯ ಯಾವ ಅಜ್ಜಿಯ ಹಳೇ ಬಿಸ್ಕೀಟು ಡಬ್ಬಿ ತೆಗೆದರೂ ಹುಣಸೆ ಬೀಜ, ನಾಲ್ಕು ಕವಡೆ, ಬಳೆಚೂರು, ಜೋಡಿ ಕಳೆದುಕೊಂಡ ಒಂದು ಗುಂಡಿ ಸಿಗುತ್ತವೆ. ಆ ಪೆಟ್ಟಿಗೆಗೆ ಬಿಡುಗಡೆ ಸಮಾರಂಭ ಆಗಿಲ್ಲ, ಅಷ್ಟೆ.

ಕವಡೆ ಎಂದೊಡನೆ ಚೌಕಾಬಾರಾದ ಅಭಿಮಾನಿಗಳು ಎದ್ದು ಕೂರುತ್ತಾರೆ: ಅದನ್ನಾಡಿದರೆ ಗಣಿತ ತಾನಾಗಿ ಬರುತ್ತದೆ! ಹಾಗಂತ ನಾನು ಬರೆದುಕೊಡಲಾರೆ. ಅಮೆರಿಕದ ಪಿಟ್ಸ್‌ಬರ್ಗಿನ ರಮಣಿ ಮತ್ತು ಸೀಗ್ಲರ್ ಎಂಬ ಇಬ್ಬರು ಸಂಶೋಧಕರು 2008ರಲ್ಲಿ ಬಡ ಮನೆಗಳ ಪುಟ್ಟ ಮಕ್ಕಳ ಜೊತೆ ಒಂದರಿಂದ ಹತ್ತರವರೆಗೆ ಸಾಲಾಗಿ ಬರೆದ ಮನೆಗಳ ಮೇಲೆ ಕಾಯಿ ನಡೆಸುವ ಆಟ ಆಡಿಸಿದರು. ಎರಡು ವಾರದಲ್ಲಿ ಆಡಿದ್ದೆಲ್ಲ ಕೂಡಿದರೆ ಒಂದು ತಾಸಿನಷ್ಟು. ಆ ಮಕ್ಕಳ ಸಂಖ್ಯೆಯ ಅರಿವು ಎದ್ದು ಕಾಣುವಷ್ಟು ಸುಧಾರಿಸಿತು. ಸಂಖ್ಯೆ ಬಿಟ್ಟು ಬಣ್ಣದ ಮನೆಗಳ ಮೇಲೆ ಆಡಿದವರದು ಸುಧಾರಿಸಲಿಲ್ಲ. ಮುಂದಿನ ಪ್ರಯೋಗದಲ್ಲಿ ಮನೆಗಳನ್ನು ದುಂಡಗೆ ಜೋಡಿಸಿದಾಗಲೂ ಆ ಲಾಭ ಸಿಗಲಿಲ್ಲ. ಚೌಕಾಬಾರಾದ ದಾರಿಯೋ ಸುತ್ತಿ ಸುತ್ತಿ ಒಳಗೆ ಹೋಗುವಂಥದ್ದು, ಮನೆಗಳಿಗೆ ಸಂಖ್ಯೆಯೂ ಇಲ್ಲ. ಕವಡೆ ಎಣಿಸುವುದು, ಎದುರಾಳಿಯ ಕಾಯಿ ಕಡಿಯಲು ಎಷ್ಟು ಬೀಳಬೇಕೆಂದು ಲೆಕ್ಕ ಹಾಕುವುದು ಸ್ವಲ್ಪ ದೊಡ್ಡ ಮಕ್ಕಳಿಗೆ ಒದಗೀತು. ನಾಲ್ಕು ವರ್ಷದವರಿಗೆ ಅಂಗಳದಲ್ಲಿ ಸೀಮೆಸುಣ್ಣದಿಂದ ಹತ್ತು ಮನೆ ಸಾಲಾಗಿ ಗೀಚಿ, ಅಂಕಿ ಬರೆದು, ಅವರನ್ನೇ ಕಾಯಿ ಮಾಡಿ ಕುಣಿಸಿದರೆ ಸಾಕು. ಒಂದು ಸಣ್ಣ ಗುಟ್ಟು: ಮೂರನೇ ಮನೆಯಲ್ಲಿರುವ ಮಗು ಎರಡು ಹೆಜ್ಜೆ ಹಾಕುವಾಗ ‘ಒಂದು, ಎರಡು’ ಎನ್ನದೆ ‘ನಾಕು, ಐದು’ ಎಂದು ಕೂಗಬೇಕು. ಲಾಭವಿರುವುದು ಆ ಕೂಗಿನಲ್ಲಿ.

‘ನಿಮಗೇನ್ರೀ ಹೇಳಾಕ, ಟೈಮ್ ಎಲ್ಲೈತಿ?’ ಎಂಬ ಆಕ್ಷೇಪಣೆ ನ್ಯಾಯವಾದದ್ದು. ಸೋಮವಾರ, ಗುರುವಾರ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಬಂದು ಬೀಳುವ ಹೊತ್ತಿನಲ್ಲಿ ಅಲ್ಲಿ ದುಡಿಯುವ ಅಪ್ಪನಿಗೆ ‘ಮಗುವಿನ ಜೊತೆ ಗುಣಮಟ್ಟದ ಸಮಯ ಕಳೆಯಿರಿ’ ಎಂದರೆ ಅವನು ಸೀನಿಯೇ ಉತ್ತರ ಕೊಡುತ್ತಾನೆ. ಅದಕ್ಕೇ ಬೇರೆ ಸಮಯ ಹುಡುಕಬೇಡಿ, ಮಾಡುವ ಕೆಲಸದೊಳಗೇ ಮಗುವನ್ನು ಸೇರಿಸಿಕೊಳ್ಳಿ ಎನ್ನುವುದು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಎರಡು ಬಗೆ: ಡಬ್ಬಿ ಗಿಡ್ಡ, ದಪ್ಪ. ಕಡ್ಡಿ ಉದ್ದ, ಸಪೂರ. ಎರಡಕ್ಕೂ ಮೈತುಂಬ ಸುಕ್ಕು. ಯಾವುದು ಯಾವ ರಾಶಿಗೆ, ಯಾಕೆ ಎಂದು ನೋಡಿ ಹೇಳುವುದು ಎಲ್‌ಕೆಜಿ ಪುಸ್ತಕದ ‘ಗುಂಪಿಗೆ ಸೇರದ್ದನ್ನು ಗುರುತಿಸಿ’ ಎಂಬ ಪ್ರಶ್ನೆಗಿಂತ ಕಠಿಣ. ಮಗು ದೂರ ಕೂತು ಬೆರಳು ತೋರಿಸಲಿ. ಬ್ಯಾಡಗಿಗೆ ಖಾರ ಕಡಿಮೆ ಎಂಬ ಖ್ಯಾತಿಯನ್ನು ನಂಬಿ ಮಗುವಿನ ಕೈಗೆ ಕಾಯಿ ಕೊಟ್ಟರೆ, ಆ ಕೈ ಕಣ್ಣಿಗೆ ಹೋದ ಮೇಲೆ ಪಾಠ ನಿಮಗೇ ಆಗುತ್ತದೆ. ರಾಣೆಬೆನ್ನೂರು ಬೀಜದ ವ್ಯಾಪಾರದ ಊರು, ಅಲ್ಲಿ ಇನ್ನೊಂದು ಎಚ್ಚರ ಬೇಕು. ಬಿತ್ತನೆಗೆಂದು ಔಷಧಿ ಲೇಪಿಸಿದ ಬೀಜಕ್ಕೆ ಗುಲಾಬಿ, ನೀಲಿ ಬಣ್ಣ ಇರುತ್ತದೆ. ಪೆಪ್ಪರಮಿಂಟಿನಂತೆ ಕಾಣುವ ಅದು ವಿಷ. ಹುಣಸೆ ಬೀಜವೂ ಮೂರು ದಾಟದವರ ಕೈಗೆ ಬೇಡ. ಎಣಿಸುವ ಬದಲು ಮೂಗಿಗೆ ತುರುಕಿಕೊಳ್ಳುವ ವಯಸ್ಸದು. ಅವರಿಗೆ ಬಟ್ಟಲು, ಚಮಚ, ಬದನೆಕಾಯಿ ಧಾರಾಳವಾಯಿತು.

ಇದೆಲ್ಲ ಸರಿ, ಪಕ್ಕದ ಮನೆಯ ಮಗು ಇಂಗ್ಲಿಷ್ ಪೋಯಮ್ ಹೇಳುವಾಗ ನಮ್ಮದು ಡಬ್ಬಿ-ಕಡ್ಡಿ ಅನ್ನುತ್ತ ಕೂತರೆ ಹಿಂದೆ ಬೀಳುವುದಿಲ್ಲವೇ? ಹಾವೇರಿ ಜಿಲ್ಲೆಯ ನಿದ್ದೆ ಕೆಡಿಸಿರುವ ಪ್ರಶ್ನೆ ಇದೇ. ಪೋಯಮ್ಮಿನ ಪರವಾಗಿ ನಿಜಕ್ಕೂ ಪುರಾವೆ ಇದೆ: 1980ರ ದಶಕದಲ್ಲಿ ಆಕ್ಸ್‌ಫರ್ಡಿನಲ್ಲಿ ಬ್ರಯಾಂಟ್, ಬ್ರ್ಯಾಡ್ಲಿ ಮತ್ತು ಜೊತೆಗಾರರು ನಡೆಸಿದ ಅಧ್ಯಯನದಲ್ಲಿ, ಮೂರನೇ ವರ್ಷದಲ್ಲಿ ಶಿಶುಪ್ರಾಸಗಳನ್ನು ಹೆಚ್ಚು ಬಲ್ಲ ಮಕ್ಕಳು ಮುಂದೆ ಓದುವುದರಲ್ಲೂ ಮುಂದಿದ್ದರು. ಆದರೆ ಆ ಮಕ್ಕಳಿಗೆ ಇಂಗ್ಲಿಷ್ ಮನೆಮಾತು. ಪ್ರಾಸ ಕಿವಿಗೆ ಬೀಳುವುದಕ್ಕೆ ಮೊದಲು ಪದ ತನ್ನದಾಗಿರಬೇಕು. ಇದೇ ಜಿಲ್ಲೆಯ ಅಬಲೂರಿನವನೆನ್ನುವ ಸರ್ವಜ್ಞನ ತ್ರಿಪದಿಗಳಲ್ಲಿ ಎಷ್ಟೋ ಒಗಟುಗಳಿವೆ. ಪ್ರಾಸದ ಜೊತೆಗೆ ಊಹೆಯೂ ಉಚಿತ. ಒಗಟಿನಲ್ಲಿ ಮಗುವಿಗೂ ಸರದಿ ಉಂಟು. ತಾನೇ ಒಂದು ಕಟ್ಟಿ, ಉತ್ತರವನ್ನೂ ಅದೇ ಉಸಿರಿನಲ್ಲಿ ಹೇಳಿ, ‘ನಿಂಗ ಗೊತ್ತಾಗಲಿಲ್ಲ’ ಎಂದು ಕೇಕೆ ಹಾಕುವ ಮಗು ಭಾಷೆಯನ್ನು ಬಳಸುತ್ತಿದೆ; ಕ್ಯಾಲೆಂಡರಿಗೆ ಪೋಯಮ್ ಒಪ್ಪಿಸಿದಾಗ ಅದು ಭಾಷೆಯನ್ನು ಹೊತ್ತಿತ್ತು. ಇಂಗ್ಲಿಷ್ ಬೇಡವೆಂದು ನಾನೆನ್ನುತ್ತಿಲ್ಲ. ಮನೆಯವರಿಗೇ ಹರಟಲು ಬಾರದ ಭಾಷೆಯಲ್ಲಿ ಮಗುವಿನ ಜೊತೆ ಆಡಲಾಗುವುದಿಲ್ಲ, ಪರೀಕ್ಷೆ ಮಾತ್ರ ಮಾಡಬಹುದು.

ನಿಜವಾದ ಅಪಾಯ ಬೇರೆ ಕಡೆ ಇದೆ. ಈ ಪ್ರಬಂಧವನ್ನು ಓದಿದ ಉತ್ಸಾಹಿ ಪಾಲಕರೊಬ್ಬರು ನಾಳೆಯೇ ‘ಸಂಜೆ 6ರಿಂದ 6.30 ಒಗಟು, 6.30ರಿಂದ 7 ಮೆಣಸಿನಕಾಯಿ’ ಎಂದು ವೇಳಾಪಟ್ಟಿ ಅಂಟಿಸಿಬಿಟ್ಟಾರು. ದೊಡ್ಡವರ ಉತ್ಸಾಹ ಮಗುವಿನ ಆಟವನ್ನು ಕಸಿದುಕೊಳ್ಳುವ ಈ ಗತಿ ಮಣ್ಣೆತ್ತಿನ ಅಮಾವಾಸ್ಯೆಗೂ ಆಗಿದೆ. ಜ್ಯೇಷ್ಠದ ಆ ದಿನ ಮನೆಯಲ್ಲೇ ಎರಡೆತ್ತು, ಒಂದು ಗ್ವಾದಲಿ (ಮೇವಿನ ತೊಟ್ಟಿ) ಮಾಡುವಾಗ ಬೆರಳಿಗೆ ಸಿಗುವ ಅಭ್ಯಾಸ ಬರವಣಿಗೆಗೆ ಬೇಕಾದದ್ದೇ: ಚಿವುಟಬೇಕು, ಉರುಟಬೇಕು, ಕೊಂಬು ಎಳೆಯುವಾಗ ಮುರಿಯದಷ್ಟು ಕೈ ಮೆತ್ತಗಿರಬೇಕು. ಆದರೆ ಈಗ ಹಲವು ಮನೆಗಳಲ್ಲಿ ಪೇಟೆಯಿಂದ ಬಣ್ಣ ಬಳಿದ ಎತ್ತು ಬರುತ್ತದೆ. ಇಲ್ಲವೇ ಎತ್ತು ಚೆಂದ ಕಾಣಲೆಂದು ಅಪ್ಪನೇ ಮಾಡಿ, ಮಗುವಿಗೆ ಹಿಡಿಸಿ ಫೋಟೊ ತೆಗೆಯುತ್ತಾನೆ. ಬರುವ ಅಮಾವಾಸ್ಯೆಗೆ ಒಂದು ಬುಟ್ಟಿ ಜಿಗಟು ಮಣ್ಣು ತನ್ನಿ. ಒಂದೆತ್ತು ನಿಮ್ಮದು, ಒಂದು ಮಗುವಿನದು. ಮಗುವಿನ ಎತ್ತಿಗೆ ಮೂರೇ ಕಾಲಿದ್ದರೂ ತಿದ್ದಲು ಹೋಗಬೇಡಿ, ಹಾಗೇ ಪೂಜೆಗಿಡಿ.