ನದಿ ಕಾಣುವ ಬಾರು

ಲಂಡನ್ನಿನಲ್ಲಿ ವರ್ಷಕ್ಕೊಮ್ಮೆ, ಮಾರ್ಚ್ ಕೊನೆಗೋ ಏಪ್ರಿಲ್ ಮೊದಲಿಗೋ, ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಹುಡುಗರು ಥೇಮ್ಸ್ ನದಿಯಲ್ಲಿ ದೋಣಿ ಪಂದ್ಯ ಕಟ್ಟುತ್ತಾರೆ. ಜನ ದಡದ ಪಬ್ಬುಗಳಲ್ಲಿ ಗ್ಲಾಸು ಹಿಡಿದು ನಿಂತು ನೋಡುತ್ತಾರೆ. ಪಂದ್ಯ ಶುರುವಾದದ್ದು 1829ರಲ್ಲಿ. ಮಂಡ್ಯದವನಾದ ನನಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆಲೆಮನೆ, ಬೆಲ್ಲದ ರೇಟು, ಕನ್ನಂಬಾಡಿ ಕಟ್ಟೆಯಲ್ಲಿ ಇವತ್ತು ಎಷ್ಟು ಅಡಿ ನೀರು, ನನ್ನ ಲೋಕಜ್ಞಾನ ಅಲ್ಲಿಗೆ ಮುಗಿಯುತ್ತದೆ. ಸಂಬಂಧ ತಂದಿಟ್ಟವನು ಅಕ್ಕನ ಮಗ.

ಅವನು ಹ್ಯಾಮರ್‌ಸ್ಮಿತ್ ಸೇತುವೆ ಹತ್ತಿರದ ಪಬ್ಬಿನಿಂದ ವಿಡಿಯೊ ಕಾಲ್ ಮಾಡಿದ್ದ. "ನೋಡು ಮಾವ, ಬಂದ್ರು, ಬಂದ್ರು!" ನನಗೆ ಕಂಡದ್ದು ಯಾರದೋ ಟೋಪಿ, ಯಾರದೋ ಬಿಯರು, ಆಮೇಲೆ ಮತ್ತೆ ಅದೇ ಟೋಪಿ. "ಹೋದ್ರು" ಅಂದ.

"ಇಷ್ಟೇನಾ?"

"ಇಷ್ಟೇ. ಮಿಕ್ಕಿದ್ದು ಒಳಗೆ ಟಿವೀಲಿ ನೋಡ್ತೀವಿ."

ಪಟ್ನಿಯಿಂದ ಮಾರ್ಟ್‌ಲೇಕ್‌ವರೆಗೆ 6.8 ಕಿಲೋಮೀಟರು ದೂರ. ಇಪ್ಪತ್ತು ನಿಮಿಷದೊಳಗೆ ಎಲ್ಲ ಮುಗಿಯುತ್ತದೆ. ಒಂದು ಪಬ್ಬಿನ ಮುಂದೆ ದೋಣಿ ಕಾಣುವುದು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವಷ್ಟು ಹೊತ್ತು. ಒಂದೊಂದು ದೋಣಿಯಲ್ಲಿ ಎಂಟು ಜನ, ಎಂಟೂ ಜನ ಹೋಗುವ ದಿಕ್ಕಿಗೆ ಬೆನ್ನು ಹಾಕಿ ಹುಟ್ಟು ಎಳೆಯುತ್ತಾರೆ. ಮುಂದೆ ನೋಡುವವನು ಚುಕ್ಕಾಣಿ ಹಿಡಿದ ಒಂಬತ್ತನೆಯವನೊಬ್ಬನೇ, ಅವನಿಗೆ ಕಾಕ್ಸ್ ಅಂತ ಹೆಸರು. ಸಮುದ್ರದ ಉಬ್ಬರಕ್ಕೆ ಥೇಮ್ಸ್ ಹಿಂದಕ್ಕೆ ಹರಿಯುವ ಹೊತ್ತು ನೋಡಿಯೇ ಪಂದ್ಯ ಬಿಡುತ್ತಾರಂತೆ. ನಾನು ಬಿಡಲಿಲ್ಲ. "ನಮ್ ಕಾವೇರಿ ಹಂಗಲ್ಲ ಕಣಪ್ಪ, ಒಂದೇ ದಿಕ್ಕಿಗೆ ಹರೀತಾಳೆ. ಎಷ್ಟು ಹರೀಬೇಕು ಅನ್ನೋದನ್ನ ಮಾತ್ರ ದಿಲ್ಲಿಯವರು ಹೇಳ್ತಾರೆ."

"ಇರ್ಲಿ ಮಾವ. ಮಂಡ್ಯ, ಮದ್ದೂರು, ಮಳವಳ್ಳಿ ಮೂರರಲ್ಲಿ ನದಿ ಕಾಣೋ ಒಂದು ಬಾರು ತೋರ್ಸು. ಶ್ರೀರಂಗಪಟ್ಟಣ ಲೆಕ್ಕಕ್ಕಿಲ್ಲ, ಅದು ಟೂರಿಸ್ಟ್ ಜಾಗ."

"ಬಾರು ಏನು, ಪಂದ್ಯಾನೂ ತೋರಿಸ್ತೀನಿ" ಅಂದುಬಿಟ್ಟೆ.

ಮಂಡ್ಯ ಪಟ್ಟಣ ಮೊದಲ ಮಾತಿಗೇ ಹೊರಬಿತ್ತು. ಸುತ್ತಲಿನ ಗದ್ದೆಗಳಿಗೆ ವಿಶ್ವೇಶ್ವರಯ್ಯ ನಾಲೆಯ ನೀರಿದೆ, ಪೇಟೆಯೊಳಗೆ ನದಿಯಿಲ್ಲ. ಕಾರು ಇದ್ದ ಕಾರಣಕ್ಕೆ ಭಾಮೈದನನ್ನೂ, ಸೀಟಿ ಇದ್ದ ಕಾರಣಕ್ಕೆ ಪಕ್ಕದ ಮನೆಯ ನಿವೃತ್ತ ಪಿ.ಟಿ. ಮೇಷ್ಟ್ರನ್ನೂ ಕರೆದುಕೊಂಡು ಮದ್ದೂರಿಗೆ ಹೊರಟೆ. ಮದ್ದೂರಿನಲ್ಲಿ ಶಿಂಷಾ ಇದೆ, ಬಾರುಗಳಿಗೂ ಬರವಿಲ್ಲ. ಎರಡೂ ಒಂದನ್ನೊಂದು ನೋಡುವುದಿಲ್ಲ ಅನ್ನುವುದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು.

ಇಲ್ಲಿ ಬಾರು ಮುಖ ಕೊಡುವುದು ರಸ್ತೆಗೆ. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯ ಮಾರಬಾರದು ಅಂದಾಗ ಈ ಸೀಮೆಯ ಬಾರುಗಳೆಲ್ಲ ಎದ್ದು ನದಿಯ ಕಡೆ ನಡೆಯಬಹುದಿತ್ತು. ಮರುವರ್ಷ ಪುರಸಭೆ ವ್ಯಾಪ್ತಿಗೆ ವಿನಾಯಿತಿ ಸಿಕ್ಕಿತು, ಕುಳಿತವು ಕುಳಿತಲ್ಲೇ ಉಳಿದವು. ಅದೂ ಅಲ್ಲದೆ ನಮ್ಮ ಗಿರಾಕಿಗೆ ನೋಟ ಯಾಕೆ ಬೇಕು? ಅವನಿಗೆ ಬೇಕಾಗಿರುವುದು ಮರೆ. ಕಿಟಕಿಗೆ ಕಪ್ಪು ಗಾಜು, ಬಾಗಿಲಿಗೆ ಪರದೆ, ಒಳಗೆ ಎದುರಿಗೆ ಕೂತವನ ಮುಖ ಕಾಣದಷ್ಟು ಮಬ್ಬು. ಹೊರಗಿನದು ನಮಗೆ ಕಂಡರೆ ಒಳಗಿರುವ ನಾವು ಹೆಂಡತಿಯ ಅಣ್ಣನಿಗೆ ಕಾಣುತ್ತೇವೆ. ಲಂಡನ್ನಿನವನು ನದಿಗೆ ಮುಖಮಾಡಿ ಕುಡಿಯುತ್ತಾನೆ ಅಂದರೆ ಅವನಿಗೆ ನೆಂಟರು ಕಡಿಮೆ ಅಂತಲೇ ಅರ್ಥ.

ಒಂದು ಬಾರಿನ ಸಪ್ಲೈಯರ್‌ನನ್ನು ಕೇಳಿದೆ, ಇಲ್ಲಿಂದ ನದಿ ಕಾಣುತ್ತೇನಪ್ಪ ಅಂತ.

"ನದೀನಾ? ಹಿಂದ್ಗಡೆ ಐತೆ ಸಾ. ಟಾಯ್ಲೆಟ್‌ಗೆ ಹೋದ್ರೆ ಕಾಣ್ತದೆ."

ಕಾಣುತ್ತಿತ್ತು. ಗೋಡೆಯ ಮೇಲ್ತುದಿಯಲ್ಲಿ ಒಂದು ವೆಂಟಿಲೇಟರು, ಅದರ ಆಚೆ ಸಾಕ್ಷಾತ್ ಶಿಂಷಾ. ಖಾಲಿ ಬಾಟ್ಲಿಯ ಕ್ರೇಟು ಎಳೆದು ಅದರ ಮೇಲೆ ಹತ್ತಿ, ಮೊಬೈಲನ್ನು ಕಂಡಿಯಲ್ಲಿ ತೂರಿಸಿ ರೆಕಾರ್ಡ್ ಒತ್ತಿದೆ. ಏಪ್ರಿಲ್ ತಿಂಗಳ ನದಿ. ಮರಳು, ಜೊಂಡು, ನಡುವೆ ಹರಿಯಲೋ ಬೇಡವೋ ಅನ್ನುತ್ತಿರುವ ಒಂದಷ್ಟು ನೀರು, ಅದರಲ್ಲೊಂದು ಎಮ್ಮೆ, ಎಮ್ಮೆಯ ಮೇಲೊಂದು ಬೆಳ್ಳಕ್ಕಿ. ಎಮ್ಮೆ ಹುಟ್ಟು ಹಾಕುವವರ ಲೆಕ್ಕ, ಬೆಳ್ಳಕ್ಕಿ ಕಾಕ್ಸು ಅಂತ ಸಮಾಧಾನ ಮಾಡಿಕೊಂಡು ಚಿತ್ರೀಕರಣ ಮುಂದುವರಿಸಿದೆ. ಎಮ್ಮೆ ಮಾತ್ರ ಅಲ್ಲಾಡಲಿಲ್ಲ.

ಬಾಗಿಲು ಬಡಿಯತೊಡಗಿತು. "ಯಾರ್ಲಾ ಅದು ಒಳಗೆ? ಸತ್ತೋದ್ಯಾ?"

ನಾನು ಕ್ರೇಟಿನಿಂದ ಇಳಿದು ಬಾಗಿಲು ತೆಗೆದಾಗ ಎದುರಿಗೆ ಒಂದು ಸಾಲೇ ನಿಂತಿತ್ತು. ಎಲ್ಲರ ಕಣ್ಣೂ ನನ್ನ ಕೈಯಲ್ಲಿದ್ದ ಮೊಬೈಲಿನ ಮೇಲೆ. ಟಾಯ್ಲೆಟ್‌ನಲ್ಲಿ ವಿಡಿಯೊ ಮಾಡುವ ಮುದುಕ ಸಿಕ್ಕಿಬಿದ್ದ ಅನ್ನುವ ಸುದ್ದಿ ಕ್ಯಾಷ್ ಕೌಂಟರು ಮುಟ್ಟಲು ತಡವಾಗಲಿಲ್ಲ. ನಾನು ಆಕ್ಸ್‌ಫರ್ಡು, ಕೇಂಬ್ರಿಜ್ಜು, ಸೋದರಳಿಯ, ಉಬ್ಬರ ಅಂತ ವಿವರಿಸಿದಷ್ಟೂ ಕೇಸು ಬಿಗಿಯಾಗುತ್ತ ಹೋಯಿತು. ಭಾಮೈದ ದೂರದ ಟೇಬಲ್ಲಿನಲ್ಲಿ ಗೋಬಿ ತಿನ್ನುತ್ತ, ಇವನ್ಯಾರೋ ನನಗೆ ಗೊತ್ತಿಲ್ಲ ಅನ್ನುವ ಮುಖ ಮಾಡಿದ್ದ. ಕೊನೆಗೆ ವಿಡಿಯೊ ಹಾಕಿ ತೋರಿಸಬೇಕಾಯಿತು. ಇಡೀ ಬಾರು ಸುತ್ತ ನಿಂತು ಎಮ್ಮೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿತು. ಹಿಂದಿನಿಂದ ಒಬ್ಬ ತಲೆ ತೂರಿಸಿ, "ಇದು ನಮ್ ಎಮ್ಮೆ ಕಣ್ಲಾ!" ಅಂದ. ಅಷ್ಟಕ್ಕೆ ನಾನು ನಿರ್ದೋಷಿ. ಅವನ ಬಿಲ್ಲು ಯಾಕೆ ನಾನು ಕೊಟ್ಟೆ ಅನ್ನುವುದು ಈಗಲೂ ನನಗೆ ಅರ್ಥವಾಗಿಲ್ಲ.

ಮಳವಳ್ಳಿಯಲ್ಲಿ ನಾವು ಕಾರಿನಿಂದ ಇಳಿಯಲೂ ಇಲ್ಲ. ವಿಚಾರಿಸಿದವನು "ಇಲ್ಲಿ ಕೆರೆ ಐತೆ ಸಾ, ಹೊಳೆ ಬೇಕಾದ್ರೆ ಶಿವನಸಮುದ್ರಕ್ಕೆ ಹೋಗಿ" ಅಂದ. ಅಲ್ಲಿನ ಗಗನಚುಕ್ಕಿ ಜಲಪಾತ ಬೇಸಿಗೆಗೆ ಬರೀ ಬಂಡೆ. ಮೇಷ್ಟ್ರು ಹಲಗೂರಿನ ಮೇಲೆ ಮುತ್ತತ್ತಿಗೆ ಹೋಗುವ ದಾರಿ ತೋರಿಸಿದರು. ಮುತ್ತತ್ತಿಯಲ್ಲಿ ಕಾವೇರಿ ಬೇಸಿಗೆಯಲ್ಲೂ ಹರಿಯುತ್ತಾಳೆ, ತೆಪ್ಪ ಸಿಗುತ್ತವೆ. ಬಾರು ಇಲ್ಲ, ಅದನ್ನು ನಾವೇ ತೆಗೆದುಕೊಂಡು ಹೋಗೋಣ ಅಂತ ಡಿಕ್ಕಿಯಲ್ಲಿ ಬಿಯರು, ಸೀಟಿನ ಮೇಲೆ ಮದ್ದೂರು ವಡೆಯ ಪೊಟ್ಟಣ.

ಮುತ್ತತ್ತಿ ಇರುವುದು ಕಾವೇರಿ ವನ್ಯಜೀವಿಧಾಮದೊಳಗೆ. ಚೆಕ್‌ಪೋಸ್ಟಿನಲ್ಲಿ ಡಿಕ್ಕಿ ತೆಗೆಸಿದರು. ನಮ್ಮ ಬಾರು ಅಲ್ಲಿಯೇ ಮುಚ್ಚಿತು. ವಡೆಗೆ ಅಡ್ಡಿ ಇರಲಿಲ್ಲ. ಅದನ್ನು ಮುತ್ತತ್ತಿರಾಯನ ಗುಡಿಯ ಹತ್ತಿರದ ಕೋತಿಗಳು ಇಸಿದುಕೊಂಡವು, ಪೊಟ್ಟಣ ಮಾತ್ರ ವಾಪಸು ಕೊಟ್ಟವು.

ತೆಪ್ಪದವರು ಇಬ್ಬರು ಸಿಕ್ಕರು. ಪಂದ್ಯ ಅಂದಾಗ ನಕ್ಕರು. ಎಲ್ಲಿಂದ ಎಲ್ಲಿಗೆ ಅಂದರು, ಎದುರಿನ ಬಂಡೆ ಮುಟ್ಟಿ ವಾಪಸು ಅಂದೆ. ಆಗ ಅವರಲ್ಲಿ ಹಿರಿಯವನು ಕೇಳಿದ: "ಯಾವ ಕಡೆ ಮುಂದೆ ಅಂತ ಇಟ್ಕಳದು ಸಾ?"

ನಾನು ಅದನ್ನು ಯೋಚಿಸಿರಲಿಲ್ಲ. ಬಿದಿರು ಹೆಣೆದು ಪ್ಲಾಸ್ಟಿಕ್ ಹೊದಿಸಿ ಡಾಂಬರು ಬಳಿದ ದುಂಡನೆಯ ತೆಪ್ಪಕ್ಕೆ ಮುಂದು ಹಿಂದು ಇಲ್ಲ. ಹುಟ್ಟನ್ನು ಒಂದೇ ಕಡೆ ಎಳೆದರೆ ಬುಗುರಿಯಂತೆ ಸುತ್ತುತ್ತದೆ, ಅಷ್ಟೇ. ಅದನ್ನು ನೆಟ್ಟಗೆ ನಡೆಸುವುದೇ ಒಂದು ವಿದ್ಯೆ, ಸೆಳವಿಗೆ ಅಡ್ಡವಾಗಿ ನಡೆಸುವುದು ಇನ್ನೂ ದೊಡ್ಡದು. ಥೇಮ್ಸಿನ ಎಂಟು ಹುಡುಗರನ್ನು ಇದರಲ್ಲಿ ಕೂರಿಸಿದರೆ ಪಟ್ನಿಯಲ್ಲೇ ಸುತ್ತುತ್ತಿರುತ್ತಾರೆ.

ಒಂದರಲ್ಲಿ ಭಾಮೈದ ಕೂತ. ಇನ್ನೊಂದರಲ್ಲಿ ತೂಕ ಸರಿಯಾಗಲಿ ಅಂತ ನನ್ನನ್ನು ಕೂರಿಸಿದರು. ಮೇಷ್ಟ್ರು ದಡದಲ್ಲಿ ನಿಂತು ಸೀಟಿ ಊದಿದರು. ನೋಡಲು ಬಂದವನು ನಾನು, ಹೊರಟವನೂ ನಾನೇ. ನಡುನೀರಿನಲ್ಲಿ ಭಾಮೈದನ ತೆಪ್ಪದವನು, ಟೂರಿಸ್ಟರಿಗೆ ಖುಷಿ ಅಂತ ಅಭ್ಯಾಸ ಬಲದಿಂದ ಗಿರಗಿರ ತಿರುಗಿಸಿದ. ಅದನ್ನು ಕಂಡು ನನ್ನವನೂ ತಿರುಗಿಸಿದ. ನಿಂತಾಗ ಬಂಡೆ ಎಲ್ಲಿದೆ ಅಂತ ನಮಗೆ ಗೊತ್ತಾಗಲಿಲ್ಲ. ಎರಡು ತೆಪ್ಪವೂ ಒಂದಕ್ಕೊಂದು ತಾಗಿಕೊಂಡೇ ದಡ ಸೇರಿದವು. ಮೇಷ್ಟ್ರು ಸಮ ಅಂತ ತೀರ್ಪು ಕೊಟ್ಟರು. 1877ರಲ್ಲಿ ಥೇಮ್ಸಿನ ಪಂದ್ಯವೂ ಸಮ ಆಗಿತ್ತು, 1912ರಲ್ಲಿ ಎರಡೂ ದೋಣಿ ಮುಳುಗಿ ಮತ್ತೊಂದು ದಿನ ಓಡಿಸಿದ್ದರು. ಆ ಲೆಕ್ಕದಲ್ಲಿ ನಮ್ಮದು ಮರ್ಯಾದೆಯ ಫಲಿತಾಂಶ.

ಗೆದ್ದವರು ತಮ್ಮ ಕಾಕ್ಸ್‌ನನ್ನು ನೀರಿಗೆ ಎಸೆಯುವುದು ಅಲ್ಲಿನ ಪದ್ಧತಿ. ನನ್ನನ್ನು ಯಾರೂ ಎಸೆಯಲಿಲ್ಲ. ಇಳಿಯುವಾಗ ತೆಪ್ಪದ ಅಂಚಿನ ಮೇಲೆ ಕಾಲಿಟ್ಟೆ, ಅದು ಹಿಂದಕ್ಕೆ ಸರಿಯಿತು. ಮೊಳಕಾಲುದ್ದ ನೀರಿನಲ್ಲಿ ನಾನು ಬೆನ್ನುಮೇಲಾಗಿ ಬಿದ್ದದ್ದನ್ನು ಪಿಕ್‌ನಿಕ್ಕಿಗೆ ಬಂದಿದ್ದ ಒಂದು ಬಸ್ಸಿನಷ್ಟು ಜನ ದಡದಿಂದ ನೋಡಿದರು. "ಎದ್ದೇಳಿ ಭಾವ, ಆಳ ಇಲ್ಲ" ಅಂತ ಭಾಮೈದ ತೆಪ್ಪದಲ್ಲಿ ಕೂತೇ ಕೂಗಿದ. ಪಂದ್ಯವನ್ನು ಅಳಿಯನಿಗೆ ತೋರಿಸಲೂ ಆಗಿರಲಿಲ್ಲ. ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿತ್ತು. ನನ್ನ ವಿಡಿಯೊ ಕಾಲಿಗೆ ಹಲಗೂರು ದಾಟಿದ ಮೇಲೆ ನೆಟ್‌ವರ್ಕು ಸಿಗಲಿಲ್ಲ. ಈಗ ಮೊಬೈಲೂ ಉಳಿಯಲಿಲ್ಲ.

ಲಂಡನ್ನಿಗೆ ತಲುಪಿದ್ದು ಎಮ್ಮೆಯ ವಿಡಿಯೊ ಒಂದೇ, ಅದೂ ಮದ್ದೂರಿನಲ್ಲೇ ಕಳಿಸಿದ್ದರಿಂದ. ಅಳಿಯ ಅದನ್ನು ತನ್ನ ಪಬ್ಬಿನ ಗೆಳೆಯರಿಗೆಲ್ಲ ತೋರಿಸಿದ್ದಾನೆ. ಎಮ್ಮೆ ಯಾವಾಗ ಹೊರಡುತ್ತದೆ ಅಂತ ಕೇಳುತ್ತಾರಂತೆ.

ನಿಮಗೂ ತೆಪ್ಪದ ಪಂದ್ಯ ಆಡಿಸುವ ಮನಸ್ಸಿದ್ದರೆ ಮಳೆಗಾಲಕ್ಕೆ ಮುಂಚೆ ಮುತ್ತತ್ತಿಗೆ ಹೋಗಿ, ಹೊಳೆ ತುಂಬಿದರೆ ತೆಪ್ಪ ಇಳಿಸುವುದಿಲ್ಲ. ಸುಳಿ ಇರುವ ಜಾಗ, ತೆಪ್ಪದವನು ಹೇಳಿದ ಕಡೆ ಬಿಟ್ಟು ಎಲ್ಲೂ ನೀರಿಗಿಳಿಯಬೇಡಿ. ಬಾಟ್ಲು ತರಬೇಡಿ, ಚೆಕ್‌ಪೋಸ್ಟು ದಾಟುವುದಿಲ್ಲ. ವಡೆಯನ್ನು ಮದ್ದೂರಿನಲ್ಲೇ ತಿಂದು ಹೊರಡಿ.