ಸೋಲ್ನಾ–ಸೋಡೆರ್ಟೆಲ್ಯೆ ಹೆದ್ದಾರಿ ಪರಿಸರದಲ್ಲಿ ಏಕಸೆಡಾನ್ ನಿಷ್ಠೆ: ಒಂದು ವಾರಂಟ್ಯುತ್ತರ ಅನುಸಂಧಾನ

1. ಉಪೋದ್ಘಾತ

ಸ್ಟಾಕ್‌ಹೋಮಿನ ಉತ್ತರಕ್ಕೆ ಅಂಟಿಕೊಂಡಿರುವ ಸೋಲ್ನಾ ಎಂಬ ಪುರದಿಂದ ಹೊರಟು, ಇ4 ಹೆದ್ದಾರಿಯಲ್ಲಿ ಸುಮಾರು ನಲವತ್ತು ಕಿಲೋಮೀಟರ್ ದಕ್ಷಿಣಕ್ಕಿರುವ ಸೋಡೆರ್ಟೆಲ್ಯೆಗೆ ನಿತ್ಯ ಹೋಗಿಬರುವ ವಲಸಿಗ ವಿಷಯಿಯು ಒಂದೇ ಸೆಡಾನಿನೊಂದಿಗೆ ದೀರ್ಘಕಾಲ ನಡೆಸಿದ ಸಾಂಸ್ಕೃತಿಕ-ಯಾಂತ್ರಿಕ ಒಡನಾಟದ ಚಹರೆಗಳನ್ನು ವಸಾಹತೋತ್ತರ, ರಚನೋತ್ತರ ಹಾಗೂ ವಾರಂಟ್ಯುತ್ತರ ಪರಿಪ್ರೇಕ್ಷ್ಯಗಳಲ್ಲಿ ಮುಖಾಮುಖಿಯಾಗಿಸುವುದು ಪ್ರಸ್ತುತ ಪ್ರಬಂಧದ ಆಶಯ. ಬಿಡಿಸಿ ಹೇಳಿದರೆ: ಗಾಡಿ ಹಳೆಯದು, ಓಡುತ್ತಿದೆ, ಮಾರುವುದಿಲ್ಲ. ಅಷ್ಟೇ ಹೇಳಿ ಸುಮ್ಮನಾದರೆ ವಿಚಾರ ಸಂಕಿರಣಕ್ಕೆ ಯಾರೂ ಕರೆಯುವುದಿಲ್ಲ, ಪ್ರಯಾಣಭತ್ಯೆಯೂ ಹುಟ್ಟುವುದಿಲ್ಲ. ಆದ್ದರಿಂದ ಮೇಲಿನ ವಾಕ್ಯ.

ಅಧ್ಯಯನದ ಆಕರವಸ್ತು ವೋಲ್ವೋ ಎಸ್80. 1998ರಿಂದ 2016ರವರೆಗೆ ಎರಡು ಪೀಳಿಗೆಗಳಲ್ಲಿ ತಯಾರಾದ ದೊಡ್ಡ ಸೆಡಾನು. ಇದನ್ನು ಕೊಂಡ ಸುದ್ದಿ ಊರಿಗೆ ತಲುಪಿದಾಗ ಮಾವನವರು ಎಷ್ಟು ಸೀಟು, ಮೆಜೆಸ್ಟಿಕ್ಕಿಗೆ ಹೋಗುತ್ತದೆಯೇ ಎಂದು ವಿಚಾರಿಸಿದ್ದನ್ನು ಇಲ್ಲಿ ದಾಖಲಿಸುತ್ತೇನೆ. ಸ್ವೀಡನ್ನಿನವರಿಗೂ ಸೆಡಾನಿನ ಮೇಲೆ ಅಂಥ ಗೌರವವಿಲ್ಲ. ಅವರಿಗೆ ಹಿಂದೆ ನಾಯಿ, ಸ್ಕೀ ಮತ್ತು ಅರ್ಧ ಮನೆ ಹಿಡಿಸುವ ಉದ್ದನೆಯ ಗಾಡಿಯೇ ಆಗಬೇಕು.

2. ಪ್ರಚೋದನೆ

ಯಾವ ಸಂಶೋಧನೆಯೂ ಶೂನ್ಯದಲ್ಲಿ ಹುಟ್ಟುವುದಿಲ್ಲ. ಇದು ಹುಟ್ಟಿದ್ದು ಒಂದು ಸುಸ್ಥಿರತಾ ಕಾರ್ಯಾಗಾರದಲ್ಲಿ. ಭಾಷಣಕಾರರು ಎರಡೂವರೆ ಟನ್ನಿನ ಹೊಚ್ಚಹೊಸ ವಿದ್ಯುತ್ ವಾಹನದಿಂದಿಳಿದು, ಕಾರು ಎಂಬುದು ವಸ್ತುವೇ ಅಲ್ಲ, ಚಲನಶೀಲತೆಯ ಅನುಭವ-ಸರಣಿ ಎಂದು ಪರದೆಯ ಮೇಲೆ ತೋರಿಸಿದರು. ಬಾಣದ ಗುರುತುಗಳು ವೃತ್ತಾಕಾರವಾಗಿ ಸುತ್ತುತ್ತಿದ್ದವು. ಎಲ್ಲಿಗೂ ಹೋಗುತ್ತಿರಲಿಲ್ಲ. ಹೊರಗೆ ಬಂದಾಗ ನನ್ನ ಗಾಡಿ ಕಂಡು ಕರುಣೆಯಿಂದ ನಕ್ಕರು. ಅದೇ ವಾರಾಂತ್ಯ ರಾಜ್ಯೋತ್ಸವದ ಊಟ, ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತವರೊಬ್ಬರು, "ಏನ್ರೀ, ಇನ್ನೂ ಅದೇ ಗಾಡೀನಾ?" ಅಂದರು. ಒಬ್ಬರದು ಸಿದ್ಧಾಂತ, ಇನ್ನೊಬ್ಬರದು ಅಂತಸ್ತು. ಪ್ರಶ್ನೆ ಮಾತ್ರ ಒಂದೇ.

3. ಪೂರ್ವಸೂರಿಗಳು

ಈ ಕ್ಷೇತ್ರದ ಆದ್ಯರು ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡಿನ ಅರ್ವ್ ಗಾರ್ಡನ್. ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದ ಮೇಷ್ಟರು. 1966ರಲ್ಲಿ ಒಂದು ವೋಲ್ವೋ ಪಿ1800 ಕೊಂಡರು. ಮನೆಯಿಂದ ಶಾಲೆಗೆ ಹೋಗಿಬರುವುದೇ ದಿನಕ್ಕೆ 125 ಮೈಲಿ, ಅಂದರೆ ಇನ್ನೂರು ಕಿಲೋಮೀಟರ್. 2013ರಲ್ಲಿ ಆ ಕಾರು ಮೂವತ್ತು ಲಕ್ಷ ಮೈಲಿ ಮುಟ್ಟಿತು. ನಮ್ಮ ಲೆಕ್ಕದಲ್ಲಿ ಸುಮಾರು 48 ಲಕ್ಷ ಕಿಲೋಮೀಟರ್. ಮೇಷ್ಟರು 2018ರಲ್ಲಿ ತೀರಿಕೊಂಡರು. ಅವರ ಸಂಶೋಧನಾ ವಿಧಾನ: ಗಾಡಿಯ ಜತೆ ಬಂದ ಕೈಪಿಡಿ ಓದಿ, ಅದರಲ್ಲಿ ಹೇಳಿದ ಹೊತ್ತಿಗೆ ಆಯಿಲ್ ಬದಲಿಸುವುದು. ಇಷ್ಟು ಸರಳವಾದದ್ದನ್ನು ವಿಧಾನವೆಂದು ಒಪ್ಪಲು ವಿದ್ವತ್ಸಮೂಹಕ್ಕೆ ಆಗದು. ಅಲ್ಲದೆ ಪಿ1800ಕ್ಕೆ ಎರಡೇ ಬಾಗಿಲು. ಅದು ಕೂಪೆಯೇ ಹೊರತು ಸೆಡಾನಲ್ಲ. ಹೀಗಾಗಿ 48 ಲಕ್ಷ ಕಿಲೋಮೀಟರ್ ಈ ಪ್ರಬಂಧದ ವ್ಯಾಪ್ತಿಯಿಂದ ಹೊರಗುಳಿಯುತ್ತದೆ.

ಮಾಪನದ ಬಗ್ಗೆ ಒಂದು ಮಾತು. ಇಲ್ಲಿಯ ಜನ ಗಾಡಿ ಓಡಿದ್ದನ್ನು ಹೇಳುವುದು ಮಿಲ್‌ಗಳಲ್ಲಿ. ಒಂದು ಮಿಲ್ ಎಂದರೆ ಹತ್ತು ಕಿಲೋಮೀಟರ್. ಮೂರು ಲಕ್ಷ ಓಡಿದ ಗಾಡಿ ಇಲ್ಲಿ ಬರೀ ಮೂವತ್ತು ಸಾವಿರದ್ದು. ಇದಕ್ಕೆ 'ದಶಾಂಶ ಸಾಂತ್ವನ ಸಿದ್ಧಾಂತ' ಎಂದು ಹೆಸರಿಟ್ಟಿದ್ದೇನೆ. ಪೇಟೆಂಟು ಇನ್ನೂ ಆಗಿಲ್ಲ.

4. ಉಪದ್ರವಗಳ ವರ್ಗೀಕರಣ

ದೀರ್ಘಕಾಲೀನ ಸ್ವಾಮ್ಯಕ್ಕೆ ಬಾಧಕವಾದ ಉಪದ್ರವಗಳು ಒಂಬತ್ತು.

4.1 ಲವಣಜನ್ಯ. ಚಳಿಗಾಲದಲ್ಲಿ ಹೆಪ್ಪುಗಟ್ಟದಿರಲೆಂದು ಇ4ರ ಮೇಲೆ ಉಪ್ಪು ಚೆಲ್ಲುತ್ತಾರೆ. ಉಪ್ಪುನೀರು ಗಾಡಿಯ ಹೊಟ್ಟೆಗೆ ಸಿಡಿದು, ಬಾಗಿಲ ಕೆಳಗಿನ ಪಟ್ಟಿ, ಬ್ರೇಕಿನ ಪೈಪು, ಸಸ್ಪೆನ್ಷನ್ನಿನ ಮೂಲೆಗಳಲ್ಲಿ ಕೂತು ತಿನ್ನುತ್ತದೆ. ಕಡಲ ಗಾಳಿಗೆ ಗಾಡಿ ನಿಲ್ಲಿಸಿದ ಮಂಗಳೂರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಇದನ್ನು ಪತ್ತೆಹಚ್ಚುವ ಸಂಸ್ಥೆಯೇ ಬೆಸಿಕ್ಟ್‌ನಿಂಗ್, ಅಂದರೆ ಕಡ್ಡಾಯ ತಪಾಸಣೆ. 2018ರ ಮೇ ತಿಂಗಳಿಂದ ಇದರ ಕ್ರಮ ಹೀಗಿದೆ: ಹೊಸ ಕಾರಿಗೆ ಮೊದಲು ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೆ, ಅಲ್ಲಿಂದ ಮುಂದೆ ಪ್ರತಿ ಹದಿನಾಲ್ಕು ತಿಂಗಳಿಗೊಮ್ಮೆ. ತಪಾಸಕ ಗಾಡಿಯನ್ನು ಮೇಲೆತ್ತಿ, ದೀಪ ಹಿಡಿದು, ತುಕ್ಕಿನ ಜಾಗವನ್ನು ಚುಚ್ಚಿ ನೋಡುತ್ತಾನೆ. ಬ್ರೇಕನ್ನು ಉರುಳೆಗಳ ಮೇಲೆ ಅಳೆಯುತ್ತಾನೆ, ಹೊಗೆಯನ್ನು ಅಳೆಯುತ್ತಾನೆ. ವಯಸ್ಸು ಕೇಳುವುದಿಲ್ಲ. ಮೂವತ್ತು ತುಂಬಿದ ಕಾರಿಗೆ ಸರ್ಕಾರ ವಾಹನ ತೆರಿಗೆಯನ್ನೇ ಬಿಟ್ಟುಬಿಡುತ್ತದೆ. ನಿಜ ಹೇಳಬೇಕೆಂದರೆ, ಇಡೀ ವ್ಯವಸ್ಥೆಯಲ್ಲಿ ನನಗೆ ಗೌರವವಿರುವುದು ಆ ಚುಚ್ಚುವ ಮನುಷ್ಯನ ಮೇಲೆ ಮಾತ್ರ. ಅವನು ಅನುಭವ-ಸರಣಿ ಅನ್ನುವುದಿಲ್ಲ. "ಎಡಗಡೆ ಬುಷ್ ಹೋಗಿದೆ" ಅನ್ನುತ್ತಾನೆ.

4.2 ಶೀತಜನ್ಯ. ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ರಸ್ತೆಯಲ್ಲಿ ಹಿಮವೋ ಮಂಜುಗಡ್ಡೆಯೋ ಇದ್ದರೆ ಚಳಿಗಾಲದ ಟೈರು ಕಡ್ಡಾಯ. ಹಾಗಾಗಿ ಪ್ರತಿ ಗಾಡಿಗೂ ಎಂಟು ಟೈರು. ಕೆಲಸವಿಲ್ಲದ ನಾಲ್ಕಕ್ಕೆ ಫ್ಲಾಟಿನಲ್ಲಿ ಜಾಗವಿಲ್ಲ. ಅವನ್ನು ಟೈರ್ ಹೋಟೆಲಿನಲ್ಲಿ ಇಡುತ್ತಾರೆ. ಹೌದು, ಹೋಟೆಲು. ತೊಳೆದು, ಚೀಟಿ ಅಂಟಿಸಿ, ಒಣಗಿದ ಜಾಗದಲ್ಲಿ ಆರು ತಿಂಗಳು ಮಲಗಿಸುತ್ತಾರೆ. ಸ್ಟಾಕ್‌ಹೋಮಿನ ಬಾಡಿಗೆ ಮನೆಯ ಸರದಿಯಲ್ಲಿ ಹೆಸರು ಬರೆಸಿದ ಮನುಷ್ಯ ವರ್ಷಗಟ್ಟಲೆ ಕಾಯುತ್ತಾನೆ, ಅಲ್ಲಿಯವರೆಗೆ ಎರಡನೆಯವರ ಕೈಯಿಂದ, ಮೂರನೆಯವರ ಕೈಯಿಂದ ಮನೆ ಹಿಡಿದು ಪೆಟ್ಟಿಗೆ ಕಟ್ಟುತ್ತ ಬಿಚ್ಚುತ್ತ ಇರುತ್ತಾನೆ. ಟೈರಿಗೆ ಅದೇ ವಾರ ಕೋಣೆ ಸಿಗುತ್ತದೆ.

4.3 ಕರಜನ್ಯ. ಸೋಲ್ನಾದಿಂದ ದಕ್ಷಿಣಕ್ಕೆ ಇ4 ಹಿಡಿದರೆ ಎಸ್ಸಿಂಗೆಲೇಡೆನ್ ದಾಟಲೇಬೇಕು. ದ್ವೀಪದಿಂದ ದ್ವೀಪಕ್ಕೆ ಹಾರುವ ಈ ರಸ್ತೆ ತೆರೆದದ್ದು 1966ರಲ್ಲಿ. ಆಗ ಸ್ವೀಡನ್ನಿನಲ್ಲಿ ನಮ್ಮ ಹಾಗೆಯೇ ಎಡಗಡೆ ಓಡಿಸುತ್ತಿದ್ದರು. 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಇಡೀ ದೇಶ ಬಲಕ್ಕೆ ಸರಿಯಿತು. ದಟ್ಟಣೆ ತೆರಿಗೆ ಸ್ಟಾಕ್‌ಹೋಮ್ ನಗರದೊಳಗೆ 2007ರಲ್ಲಿ ಕಾಯಂ ಆಯಿತು, ಈ ರಸ್ತೆಗೆ 2016ರಲ್ಲಿ ಬಂತು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಕ್ಯಾಮೆರಾ ನಂಬರ್ ಪ್ಲೇಟಿನ ಫೋಟೋ ತೆಗೆಯುತ್ತದೆ, ತಿಂಗಳ ಕೊನೆಗೆ ಬಿಲ್ಲು. ರೈಲಿಲ್ಲವೇ ಎಂದು ಕೇಳುವವರಿಗೆ: ಇದೆ, ಸೋಲ್ನಾದಿಂದ ನೇರವಾಗಿಯೇ ಇದೆ, ಒಳ್ಳೆಯದೂ ಹೌದು. ನನ್ನ ಕೆಲಸದ ಜಾಗ ನಿಲ್ದಾಣದಿಂದ ದೂರ, ಶಿಫ್ಟು ಬೆಳಕು ಹರಿಯುವ ಮುಂಚೆ.

ಉಳಿದ ಆರು ಉಪದ್ರವಗಳಿಗೆ ಹೆಸರಿಟ್ಟಿದ್ದೆ. ಬೇಸರ ಬಂತು. ಬಂಧುಜನ್ಯವನ್ನು ಓದುಗರೇ ತುಂಬಿಕೊಳ್ಳಬಹುದು.

5. ಸಿದ್ಧಾಂತಕ್ಕೆ ಒಂದಿಷ್ಟು ಅಡ್ಡಿ

2018ರ ಜುಲೈಯಿಂದ 2022ರ ನವೆಂಬರ್‌ವರೆಗೆ ಹೊಸ ವಿದ್ಯುತ್ ಕಾರು ಕೊಂಡವರಿಗೆ ಇಲ್ಲಿ ಸರ್ಕಾರ ಹಣ ಕೊಟ್ಟಿತು. ಒಂದು ಹಂತದಲ್ಲಿ ಎಪ್ಪತ್ತು ಸಾವಿರ ಕ್ರೋನಾದವರೆಗೆ. ಆ ಕಾರುಗಳಲ್ಲಿ ಎಷ್ಟೋ ಆಮೇಲೆ ಗಡಿ ದಾಟಿ ನಾರ್ವೆಗೆ ಮಾರಾಟವಾದವು. ವಿದ್ಯುತ್ ಕಾರಿನ ಮೇಲೆ ನನಗೆ ಹಗೆಯಿಲ್ಲ. ನನ್ನ ಗಾಡಿ ಪೆಟ್ರೋಲು ಸುಡುತ್ತದೆ, ಅದರ ಹೊಗೆ ಹೊಗೆಯೇ. ಆದರೆ ಇರುವುದನ್ನು ಸರಿಮಾಡಿ ಇಟ್ಟುಕೊಂಡವನಿಗೆ ಆ ಕಾರ್ಯಾಗಾರದ ಪರದೆಯಲ್ಲಿ ಒಂದು ಚುಕ್ಕಿಯಷ್ಟೂ ಜಾಗವಿರಲಿಲ್ಲ. ಮೂರು ವರ್ಷಕ್ಕೊಮ್ಮೆ ಲೀಸಿನ ಗಾಡಿ ಬದಲಿಸುವವನು ಹಸಿರು. ನಾನು ಕರುಣೆಗೆ ಪಾತ್ರ.

ಸಹೋದ್ಯೋಗಿಯೊಬ್ಬರ ಹೊಸ ಗಾಡಿಯ ಹೆಡ್‌ಲೈಟು ಒಡೆಯಿತು. ಗುಜರಿಯಲ್ಲಿ ಅದೇ ಮಾದರಿಯ, ಗೀರೂ ಇಲ್ಲದ ಹೆಡ್‌ಲೈಟು ಸಿಕ್ಕಿತು. ಹಾಕಿದರೆ ಉರಿಯಲಿಲ್ಲ. ಅದು ಇನ್ನೊಂದು ಗಾಡಿಯದೆಂದು ಸಾಫ್ಟ್‌ವೇರಿಗೆ ಗೊತ್ತಾಗಿತ್ತು. ತಯಾರಕರ ಕೋಡು ಬಂದ ಮೇಲೇ ಅದು ಬೆಳಗಬೇಕು, ಕೋಡಿನ ಬೆಲೆ ಹೆಡ್‌ಲೈಟಿಗಿಂತ ಹೆಚ್ಚು. ಇಂಥವರೇ ವೇದಿಕೆ ಹತ್ತಿ ವೃತ್ತಾಕಾರದ ಆರ್ಥಿಕತೆ ಅನ್ನುತ್ತಾರೆ. ನಾಚಿಕೆಯಾಗಬೇಕು. ಇದಕ್ಕೆ ಪರಿಭಾಷೆ ಹುಡುಕಲಾರೆ.

6. 'ದೀರ್ಘಕಾಲ' ಎಂಬ ಪರಿಕಲ್ಪನೆ

ಶೀರ್ಷಿಕೆಯಲ್ಲಿ ನಿಷ್ಠೆ ಎಂದು ಬರೆದವನು ನಾನೇ. ಅದರ ಮೊದಲ ಅಧ್ಯಾಯ ನನ್ನದಲ್ಲ. ಈ ಗಾಡಿ ನನಗೆ ಸಿಕ್ಕಿದ್ದು ಸೋಲ್ನಾದ ಹುವುಡ್‌ಸ್ಟಾದಲ್ಲಿದ್ದ ಒಂದು ಕನ್ನಡ ಕುಟುಂಬದಿಂದ. ಅವರ ಹಿಂದಿನ ಕಂಪನಿ ಒಂದು ವಿಮೆಯನ್ನು ಕೆಲವು ತಿಂಗಳು ಕಟ್ಟಿರಲಿಲ್ಲ. ವರ್ಕ್ ಪರ್ಮಿಟ್ ನವೀಕರಣಕ್ಕೆ ಹೋದಾಗ ಅದು ಹೊರಬಿತ್ತು. ತಪ್ಪು ಕಂಪನಿಯದು, ಹೊರಡಬೇಕಾದವರು ಇವರು. ಆ ವರ್ಷಗಳಲ್ಲಿ ಸ್ವೀಡನ್ನಿನ ಪತ್ರಿಕೆಗಳ ತುಂಬ ಇಂಥ ಕಥೆಗಳಿದ್ದವು: ಒಬ್ಬರಿಗೆ ರಜೆ ಕಡಿಮೆ ತೆಗೆದುಕೊಂಡದ್ದಕ್ಕೆ, ಇನ್ನೊಬ್ಬರಿಗೆ ಸಂಬಳದಲ್ಲಿ ಸಣ್ಣ ವ್ಯತ್ಯಾಸಕ್ಕೆ. 2017ರ ಡಿಸೆಂಬರಿನಲ್ಲಿ ವಲಸೆ ಪ್ರಕರಣಗಳ ಮೇಲ್ಮನವಿ ನ್ಯಾಯಾಲಯ, ಒಂದು ತಪ್ಪು ಹಿಡಿದು ತೂಗಬೇಡಿ, ಒಟ್ಟು ಪರಿಸ್ಥಿತಿ ನೋಡಿ ಎಂದಿತು. ಇವರಿಗೆ ಅದು ತಡವಾಯಿತು. ಮಕ್ಕಳು ಸ್ವೀಡಿಷಿನಲ್ಲಿ ಜಗಳವಾಡುತ್ತಿದ್ದರು, ಅಮ್ಮ ಡಿಕ್ಕಿಯಲ್ಲಿದ್ದ ಚಳಿಗಾಲದ ಬೂಟುಗಳನ್ನು ಬೆಂಗಳೂರಿಗೆ ಒಯ್ಯಬೇಕೇ ಬೇಡವೇ ಎಂದು ಎತ್ತಿ ಎತ್ತಿ ನೋಡುತ್ತಿದ್ದರು. ಹಿಂದಿನ ಸೀಟಿನ ಸಂದಿಯಲ್ಲಿ ನನಗೆ ಸಿಕ್ಕಿದ ಕ್ರೇಯಾನು ಇನ್ನೂ ಅಲ್ಲೇ ಇದೆ.

2023ರ ನವೆಂಬರ್ 1ರಂದು ಪರ್ಮಿಟ್ಟಿಗೆ ಬೇಕಾದ ಕನಿಷ್ಠ ಸಂಬಳ ತಿಂಗಳಿಗೆ 13,000 ಕ್ರೋನಾದಿಂದ 27,360ಕ್ಕೆ ಏರಿತು. 2024ರ ಮೊದಲ ಆರು ತಿಂಗಳಲ್ಲಿ ಭಾರತದಲ್ಲಿ ಹುಟ್ಟಿದವರ ಪೈಕಿ ಸ್ವೀಡನ್ನಿಗೆ ಬಂದವರಿಗಿಂತ ಬಿಟ್ಟುಹೋದವರೇ ಹೆಚ್ಚು. ಕೆಲವರು ತಾವಾಗಿಯೇ ಹೋದರು, ಊರಿನಲ್ಲಿ ಅಪ್ಪ ಅಮ್ಮನಿಗೆ ವಯಸ್ಸಾಗಿತ್ತು. ಕೆಲವರ ಕೆಲಸ ಹೋಯಿತು, ಹೊಸದು ಹುಡುಕಲು ಸಿಕ್ಕಿದ್ದು ಮೂರು ತಿಂಗಳು. ಹೋಗುವ ಮುಂಚೆ ವಾಟ್ಸ್ಯಾಪ್ ಗುಂಪಿನಲ್ಲಿ ಪಟ್ಟಿ ಹಾಕುತ್ತಾರೆ: ಸೋಫಾ, ಗ್ರೈಂಡರು, ಮಕ್ಕಳ ಸೈಕಲ್ಲು, ಕಾರು. ಕಾರಿನ ಕೆಳಗೆ ತಪ್ಪದೆ ಬರೆದಿರುತ್ತಾರೆ, ಬೆಸಿಕ್ಟ್‌ನಿಂಗ್ ಮುಂದಿನ ವರ್ಷದವರೆಗೆ ಇದೆ ಎಂದು. ಕಾರಿಗೆ ಹದಿನಾಲ್ಕು ತಿಂಗಳು ಇರಲು ಬುಷ್ಷು ಗಟ್ಟಿಯಿದ್ದರೆ ಸಾಕು.

7. ಮೌಖಿಕ ಪರೀಕ್ಷೆಗೆ ಸಿದ್ಧತೆ

ಈ ಅಧ್ಯಾಯದಲ್ಲಿ ಫಲಿತಗಳು ಬರಬೇಕಿತ್ತು. ಗಾಡಿ ಯಾವಾಗ ಬದಲಿಸುತ್ತೀರಿ ಎಂದು ಪರೀಕ್ಷಕರು ಕೇಳಿದರೆ, ನನ್ನ ಪರ್ಮಿಟ್ಟಿನ ಅವಧಿಗಿಂತ ಅದರದೇ ಮುಂದಕ್ಕಿದೆ ಎಂದು ಉತ್ತರಿಸುತ್ತೇನೆ. ಟೈಮಿಂಗ್ ಬೆಲ್ಟು ಬದಲಿಸಿ ಆಗಿದೆ. ಹಿಂದಿನ ಬ್ರೇಕ್ ಡಿಸ್ಕುಗಳಿಗೆ ಅಂಚು ಬಂದಿದೆ, ತಪಾಸಣೆಗೆ ಮುಂಚೆ ಹಾಕಿಸಬೇಕು. ವಿಚಾರಿಸಿದೆ, ಸಾಮಾನು ಸ್ಟಾಕಿನಲ್ಲಿದೆಯಂತೆ. ಗುರುವಾರ ಬರುತ್ತದೆ.